ಮುಂದೆ ಹಳತೆನಿಸದ ಹೆಸರು: ಒಂದು ಹೆಣ್ಣುಮಗುವಿನ ನಾಮಕರಣದ ಪ್ರಕರಣ ಅಧ್ಯಯನ

ತಾಯಿ ಸಾಗರದ ಕಡೆಯವರು, ತಂದೆ ಮದ್ದೂರು ತಾಲ್ಲೂಕಿನವರು, ವಾಸ ಬೆಂಗಳೂರಿನ ವಿಜಯನಗರದಲ್ಲಿ. ಮೊದಲ ಮಗು, ಹೆಣ್ಣು. ಹಸ್ತ ನಕ್ಷತ್ರ, ಮೂರನೇ ಪಾದ. ಒಂದೆರಡು ವರ್ಷದಲ್ಲಿ ತಂದೆಗೆ ದುಬೈಯಲ್ಲಿ ಕೆಲಸ ಸಿಗುವ ಸಂಭವವಿದೆ. ತಾಯಿಯ ಹೆಸರು ದಿವ್ಯಾ. ಶಾಲೆಯಲ್ಲಿ ಅವರ ತರಗತಿಯಲ್ಲೇ ಇನ್ನೂ ಮೂವರು ದಿವ್ಯಾ ಇದ್ದರು, ಹಾಜರಿ ಕರೆಯುವಾಗ ಇನಿಷಿಯಲ್ ಸೇರಿಸದೆ ಗತಿ ಇರಲಿಲ್ಲ. ಹಾಗಾಗಿ ದಂಪತಿಯ ಬೇಡಿಕೆ ಸ್ಪಷ್ಟವಾಗಿತ್ತು: ಹೆಸರು ಕೇಳಿದ ಕೂಡಲೇ ಇವಳು ಇಂಥ ದಶಕದಲ್ಲಿ ಹುಟ್ಟಿದವಳು ಎಂದು ಯಾರೂ ಹೇಳುವಂತಿರಬಾರದು.

ಇದು ಒಂದೇ ಮನೆಯ ವರದಿ ಅಲ್ಲ. ಹಲವು ಮನೆಗಳಲ್ಲಿ ಹೆಚ್ಚೂಕಡಿಮೆ ಇದೇ ಕ್ರಮದಲ್ಲಿ ಎದುರಾಗುವ ಸಂಗತಿಗಳನ್ನು ಒಂದು ಸಂಸಾರಕ್ಕೆ ಕೂಡಿಸಿ ಬರೆದ ಮಾದರಿ ಪ್ರಕರಣ.

ಮೊದಲ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಕಿಯಾರಾ, ಮೈರಾ, ಆದ್ಯ, ಆರಾಧ್ಯ, ಅನ್ವಿ ಇವು ತಂದೆ ಮೊಬೈಲ್ ಆ್ಯಪಿನಲ್ಲಿ ಆರಿಸಿದವು. ಇಂಚರ ತಾಯಿಯ ಆಸೆ. ಪೂರ್ವಿಕಾ ಪುರೋಹಿತರ ಸಲಹೆ. ಶಾಂತಲಾ ತಾಯಿಯ ತಂದೆಯ ಆಯ್ಕೆ. ಕೊನೆಯದು ಜಾನಕಿ. ಮದ್ದೂರಿನ ಅಜ್ಜಿಯ ಅತ್ತೆ ಜಾನಕಮ್ಮನವರ ನೆನಪಿಗೆ ಬಂದ ಹೆಸರದು.

ಅವಸರ ತಪ್ಪಿಸುವುದು

ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಜನನ ನೋಂದಣಿಯ ಫಾರಂ ಕೈಗೆ ಬರುತ್ತದೆ, ಅದರಲ್ಲಿ ಮಗುವಿನ ಹೆಸರಿನ ಕಾಲಂ ಇರುತ್ತದೆ. ಅಲ್ಲಿ ಗಾಬರಿಯಿಂದ ಬರೆದ ಹೆಸರೇ ಎಷ್ಟೋ ಮನೆಗಳಲ್ಲಿ ಕಾಯಂ ಆಗಿಬಿಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರು ಆಗಲೇ ಇರಬೇಕೆಂದಿಲ್ಲ. 14ನೇ ಕಲಮಿನಡಿ ಹೆಸರನ್ನು ಆಮೇಲೆ ಸೇರಿಸಬಹುದು: ನೋಂದಣಿಯಾಗಿ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅದಾದ ಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ. ಸೇರಿಸುವುದು ಸುಲಭ, ಬದಲಾಯಿಸುವುದು ಕಷ್ಟ. 15ನೇ ಕಲಮು ತಪ್ಪು ತಿದ್ದುವುದಕ್ಕೆ ಇರುವಂಥದ್ದು, ಮನಸ್ಸು ಬದಲಾಯಿತೆಂದು ಬೇರೆ ಹೆಸರು ಇಡುವುದಕ್ಕಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ದಾಖಲಾತಿ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಬುಡ. ಆದ್ದರಿಂದ ಆ ಕಾಲಂ ಖಾಲಿ ಬಿಡುವುದೇ ಈ ಪ್ರಕರಣದ ಮೊದಲ ತೀರ್ಮಾನವಾಯಿತು. ಬೇಗ ಪಾಸ್‌ಪೋರ್ಟ್ ಬೇಕಾಗುವ ಮನೆಗಳಿಗೆ ಮಾತ್ರ ಈ ಸಾವಕಾಶ ಕಡಿಮೆ. ಇಲ್ಲಿ ದುಬೈ ಮಾತು ಇದ್ದುದರಿಂದ ಮೂರು ತಿಂಗಳ ಗಡುವು ಹಾಕಿಕೊಂಡರು. ಮೂರನೇ ತಿಂಗಳಲ್ಲಿ ತೊಟ್ಟಿಲು ಶಾಸ್ತ್ರವೂ ಇತ್ತು.

ಅಕ್ಷರದ ಗಂಟು

ಹಸ್ತ ನಕ್ಷತ್ರದ ನಾಲ್ಕು ಪಾದಕ್ಕೆ ಪಂಚಾಂಗ ಕೊಡುವ ಅಕ್ಷರಗಳು ಪೂ, ಷ, ಣ, ಠ. ಮೂರನೇ ಪಾದಕ್ಕೆ ಬರುವುದು ಣ. ಣಕಾರದಿಂದ ಶುರುವಾಗುವ ಹೆಸರು ಕನ್ನಡದಲ್ಲೂ ಇಲ್ಲ, ಸಂಸ್ಕೃತದಲ್ಲೂ ಇಲ್ಲ. ಆರಿದ್ರೆಯ ಙ, ಉತ್ತರಾಭಾದ್ರದ ಞ ಬಂದ ಮನೆಗಳಿಗೂ ಇದೇ ಪಾಡು. ಇಂಥ ಕಡೆ ಅದೇ ನಕ್ಷತ್ರದ ಇನ್ನೊಂದು ಪಾದದ ಅಕ್ಷರ ಹಿಡಿಯುವ ರೂಢಿ ಇದೆ, ಪುರೋಹಿತರು ಪೂ ಹೇಳಿದ್ದು ಹಾಗೆ. ಆದರೆ ಪೂಕಾರದಲ್ಲಿ ಸಿಗುವುದೆಲ್ಲ ಬೆರಳೆಣಿಕೆಯಷ್ಟು: ಪೂಜಾ, ಪೂರ್ಣಿಮಾ, ಪೂರ್ವಿ, ಪೂರ್ವಿಕಾ. ಅಕ್ಷರ ಒಂದಕ್ಕೇ ಕಟ್ಟುಬಿದ್ದರೆ ಆಯ್ಕೆಯ ಬಾಗಿಲು ಅಲ್ಲೇ ಮುಚ್ಚುತ್ತದೆ. ನಕ್ಷತ್ರದ ಅಕ್ಷರಕ್ಕೆ ಏನಾದರೂ ಸಿಗಲಿ ಎಂದು ಹುಡುಕುವವರೇ ಆ್ಯಪುಗಳಲ್ಲಿನ ಕಟ್ಟುಹೆಸರುಗಳಿಗೆ ಹೆಚ್ಚು ಸಿಕ್ಕಿಬೀಳುವುದು.

ಬಿಡಿಸುವ ದಾರಿ ಶಾಸ್ತ್ರದಲ್ಲೇ ಇದೆ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಹೆಸರಿಡುತ್ತಾರೆ. ತಟ್ಟೆಯ ಅಕ್ಕಿಯ ಮೇಲೆ ಬರೆದು, ಕಿವಿಯಲ್ಲಿ ಹೇಳುವ ನಕ್ಷತ್ರನಾಮ ಬೇರೆ, ಊರು ಕರೆಯುವ ಹೆಸರು ಬೇರೆ. ನಕ್ಷತ್ರನಾಮ ಪೂರ್ಣಾ ಎಂದಿರಲಿ, ದಾಖಲೆಗೆ ಹೋಗುವ ಹೆಸರಿಗೆ ಅಕ್ಷರದ ಕಟ್ಟು ಬೇಡ ಎಂದು ಪುರೋಹಿತರ ಜೊತೆ ಕೂತು ಮಾತಾಡಿದಾಗ ಅವರು ತಕರಾರಿಲ್ಲದೆ ಒಪ್ಪಿದರು. ಪೂರ್ವಿಕಾ ಪಟ್ಟಿಯಿಂದ ಹೊರಬಿತ್ತು. ಉಳಿದವು ಎಂಟು.

ಮತದಾರರ ಪಟ್ಟಿ ಓದುವುದು

ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚಿನ ಹೆಸರುಗಳ ವರ್ಷವಾರು ಲೆಕ್ಕವನ್ನು ಸಾರ್ವಜನಿಕವಾಗಿ ಇಟ್ಟಿದೆ. 1970ರಿಂದ 1984ರವರೆಗೆ ಪ್ರತಿ ವರ್ಷವೂ ಹೆಣ್ಣುಮಕ್ಕಳಲ್ಲಿ ಜೆನಿಫರ್ ಮೊದಲ ಸ್ಥಾನದಲ್ಲಿತ್ತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇಂದು ಅಲ್ಲಿ ಆ ಹೆಸರು ಕೇಳಿದರೆ ವಯಸ್ಸು ಊಹಿಸಲು ಜಾಣತನ ಬೇಡ. ನಮ್ಮಲ್ಲಿ ಅಂಥ ಪಟ್ಟಿ ಸಿಗುವುದಿಲ್ಲ. ಸಿಗುವುದು ಮತದಾರರ ಪಟ್ಟಿ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಕ್ಷೇತ್ರ, ಭಾಗದ ಸಂಖ್ಯೆ ಕೊಟ್ಟರೆ ಒಂದು ಮತಗಟ್ಟೆಯ ಪಟ್ಟಿ ಕನ್ನಡದಲ್ಲೇ ಇಳಿಯುತ್ತದೆ. ಪ್ರತಿ ಹೆಸರಿನ ಜೊತೆ ವಯಸ್ಸೂ ಇರುತ್ತದೆ. ಹೆಸರಿನ ಕಾಲವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ಸಾಮಾನ್ಯರ ಕೈಗೆ ಎಟುಕುವಂತಿಲ್ಲ.

ಒಂದೇ ಮತಗಟ್ಟೆ ಸಾಲದು. ವಿಜಯನಗರದ್ದೊಂದು, ಮದ್ದೂರು ಕಡೆಯದೊಂದು, ಸಾಗರದ್ದೊಂದು ಎಂದು ಮೂರನ್ನು ತೆಗೆಯಬೇಕು. ಊರು, ಜಾತಿ, ಸೀಮೆಗೆ ತಕ್ಕಂತೆ ಹೆಸರು ಬದಲಾಗುತ್ತದೆ, ಪೇಟೆಯಲ್ಲಿ ಇಳಿದುಹೋದ ಹೆಸರು ಹಳ್ಳಿಯಲ್ಲಿ ಇನ್ನೂ ಕೆಲವು ವರ್ಷ ನಡೆಯುತ್ತಿರುತ್ತದೆ. ಹೆಣ್ಣು ಹೆಸರುಗಳನ್ನು ಮಾತ್ರ ನಾಲ್ಕು ಗುಂಪಾಗಿ ಬರೆದುಕೊಳ್ಳುವುದು: 70 ದಾಟಿದವರು, 50ರಿಂದ 65, 35ರಿಂದ 45, 18ರಿಂದ 25. ಬೇರೆಯವರ ಮನೆ ಸಂಖ್ಯೆ, ತಂದೆ-ಗಂಡಂದಿರ ಹೆಸರು ಬರೆದುಕೊಳ್ಳುವ ಅಗತ್ಯವಿಲ್ಲ, ಬರೆಯಲೂಬಾರದು. 18ಕ್ಕಿಂತ ಚಿಕ್ಕವರು ಈ ಪಟ್ಟಿಯಲ್ಲಿ ಬರುವುದಿಲ್ಲ. ಅವರಿಗಾಗಿ ಬಡಾವಣೆಯ ಮಕ್ಕಳ ಹೆಸರು, ಲಸಿಕೆ ಹಾಕಿಸುವ ಕಡೆ ಕೂಗುವ ಹೆಸರು, ಪರಿಚಯದವರ ಮಕ್ಕಳ ತರಗತಿಯ ಹೆಸರು ಸೇರಿಸಬೇಕು. ಎರಡು ಸಂಜೆಯ ಕೆಲಸ.

ಹೀಗೆ ಸಾಲಾಗಿ ಬರೆದು ನೋಡಿದಾಗ ಕಾಣುವ ಮುಖ್ಯ ಸಂಗತಿ: ಹಳತಾಗುವುದು ಹೆಸರಿನ ತುದಿ, ಬೇರು ಅಷ್ಟು ಬೇಗ ಹಳತಾಗುವುದಿಲ್ಲ. ಅತಿ ಹಿರಿಯರಲ್ಲಿ ತುದಿಯೆಲ್ಲ ಅಮ್ಮ, ಅಕ್ಕ: ಗೌರಮ್ಮ, ಶಾರದಮ್ಮ, ನಿಂಗಮ್ಮ, ತಿಮ್ಮಕ್ಕ. ಅವರ ಮಕ್ಕಳ ಕಾಲಕ್ಕೆ ಎರಡಕ್ಷರದ ಗೀತಾ, ಲತಾ, ಉಷಾ, ಸುಮಾ, ವೀಣಾ, ರೇಖಾ. ಜೊತೆಗೆ ಅರವತ್ತು-ಎಪ್ಪತ್ತರ ದಶಕದ ತೆರೆಯ ನಾಯಕಿಯರಾದ ಭಾರತಿ, ಕಲ್ಪನಾ, ಆರತಿ, ಮಂಜುಳ. ಆಮೇಲೆ ದಿವ್ಯಾ, ರಮ್ಯಾ, ಸೌಮ್ಯಾ, ಕಾವ್ಯಾ ಎಂಬ ಯಕಾರದ ಸಾಲು. ಅದರ ಬೆನ್ನಿಗೇ ಚಂದನ, ಸ್ಪಂದನ, ಸಿಂಚನ, ಕೀರ್ತನ. ಈಗಿನ ಮಕ್ಕಳಲ್ಲಿ ಅ, ಆ ಅಕ್ಷರಗಳಲ್ಲಿ ಶುರುವಾಗಿ ದ್ಯ, ನ್ವಿ, ದ್ವಿಗಳಲ್ಲಿ ಮುಗಿಯುವವು, ಇಲ್ಲವೇ ರಾ ಎಂದು ನಿಲ್ಲುವವು. ಗಂಡುಮಕ್ಕಳಲ್ಲೂ ಹೀಗೇ: ರಮೇಶ, ಸುರೇಶ, ಮಹೇಶ, ಲೋಕೇಶರ ಸಾಲು ಮುಗಿದು ಚೇತನ್, ಕಿರಣ್, ನವೀನ್, ರಕ್ಷಿತ್ ಬಂದರು. ಈಗ ವಿಹಾನ್, ಕಿಯಾನ್, ರೇಯಾಂಶ್.

ಇದು ಇಂದಿನ ಮಾತೂ ಅಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿಯ ಹೆಸರು ಮಾಚಿಕಬ್ಬೆ. ಹತ್ತನೇ ಶತಮಾನದ ಅತ್ತಿಮಬ್ಬೆಯ ಕಾಲದಿಂದ ನಡೆದುಬಂದ ಅಬ್ಬೆ ಎಂಬ ತುದಿ ಆ ತಾಯಿಯ ಹೆಸರಿನಲ್ಲಿದೆ, ಮಗಳ ಹೆಸರಿನಲ್ಲಿಲ್ಲ. ಹೊಯ್ಸಳ ಅರಮನೆಯಲ್ಲಿ ಏಚಲದೇವಿ, ಶಾಂತಲದೇವಿ, ಬಮ್ಮಲದೇವಿ, ರಾಜಲದೇವಿ ಎಂದು ಲಕಾರದ ತುದಿ ಸಾಲಾಗಿ ಸಿಗುತ್ತದೆ. ಶಾಸನ ಓದುವವರು ಇಂಥ ತುದಿಗಳಿಂದಲೇ ಕಾಲದ ಅಂದಾಜು ಹಿಡಿಯಬಲ್ಲರು. ಮತದಾರರ ಪಟ್ಟಿಯಲ್ಲಿ ನಾವು ಮಾಡುತ್ತಿರುವುದೂ ಅದನ್ನೇ.

ಬೇರು ಉಳಿಯುತ್ತದೆ ಎನ್ನುವುದಕ್ಕೂ ಪಟ್ಟಿಯಲ್ಲೇ ಸಾಕ್ಷಿ ಇದೆ. ಗೌರಮ್ಮ 70 ದಾಟಿದವರ ಗುಂಪಿನಲ್ಲಿದ್ದರೆ ಗೌರಿ ಎಲ್ಲ ಗುಂಪಿನಲ್ಲೂ ಒಂದೊಂದು ಸಿಗುತ್ತದೆ. ಲಕ್ಷ್ಮಿ, ಕಾವೇರಿ, ಜಾನಕಿ, ತಾರಾ, ಮೀರಾ ಕೂಡ ಹಾಗೇ. ಯಾವ ಗುಂಪಿನಲ್ಲೂ ರಾಶಿ ಇಲ್ಲ, ಯಾವುದರಲ್ಲೂ ಸೊನ್ನೆ ಇಲ್ಲ. ಹುಡುಕಬೇಕಾದ್ದು ಇಂಥ ಹೆಸರನ್ನು. ನಾಲ್ಕೂ ಗುಂಪಿನಲ್ಲಿ ಇದೆಯೇ ಎಂಬುದು ಮೊದಲ ಪ್ರಶ್ನೆ, ಒಂದೇ ಗುಂಪಿನಲ್ಲಿ ಗುಡ್ಡೆ ಬಿದ್ದಿದೆಯೇ ಎಂಬುದು ಎರಡನೆಯದು.

ಬೇಗ ಏರಿದ್ದು ಬೇಗ ಇಳಿಯುತ್ತದೆ

ಜೋನಾ ಬರ್ಗರ್ ಮತ್ತು ಗಾಯೆಲ್ ಲೆ ಮೆನ್ಸ್ ಎಂಬ ಸಂಶೋಧಕರು ಅಮೆರಿಕ ಮತ್ತು ಫ್ರಾನ್ಸಿನ ನೂರು ವರ್ಷಗಳ ಹೆಸರುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟೇ: ಎಷ್ಟು ವೇಗವಾಗಿ ಒಂದು ಹೆಸರು ಜನಪ್ರಿಯವಾಗುತ್ತದೋ ಅಷ್ಟೇ ವೇಗವಾಗಿ ಜನ ಅದನ್ನು ಕೈಬಿಡುತ್ತಾರೆ. ಫ್ಯಾಷನ್ನಾಗಿ ಹೋಗುತ್ತದೆಂಬ ಅನುಮಾನವೇ ಹೊಸ ತಂದೆ-ತಾಯಂದಿರನ್ನು ಹಿಂದೆ ಸರಿಸುತ್ತದೆ. ಆರಾಧ್ಯ ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. 2011ರಲ್ಲಿ ಬಚ್ಚನ್ ಮನೆತನದಲ್ಲಿ ಹುಟ್ಟಿದ ಮಗುವಿಗೆ ಆ ಹೆಸರಿಟ್ಟ ಮೇಲೆ ಅದು ದೇಶದ ತುಂಬ ಹರಡಿತು. ಅಂದರೆ ಆ ಹೆಸರಿಗೆ ಒಂದು ಇಸವಿ ಅಂಟಿಕೊಂಡಿದೆ. ಕನ್ನಡ ನಾಡಿನಲ್ಲಿ ಅದಕ್ಕೆ ಇನ್ನೊಂದು ತೊಡಕೂ ಇದೆ: ತುಮಕೂರು, ಮೈಸೂರು ಸೀಮೆಯಲ್ಲಿ ಆರಾಧ್ಯ ಎಂಬುದು ಗಂಡಸರ ಹೆಸರಿನ ಕೊನೆಗೆ ಬರುವ ಮನೆತನದ ಗುರುತು. ಹೆಸರಷ್ಟೇ ಓದಿದವರಿಗೆ ಹೆಣ್ಣೋ ಗಂಡೋ ತಿಳಿಯುವುದಿಲ್ಲ.

ಅಪರೂಪದ ಹೆಸರಿಟ್ಟರೆ ಆಯಿತಲ್ಲ ಎಂದು ತಂದೆ ಕೇಳಿದರು. ಈ ವಾದದಲ್ಲೇ ಹೆಚ್ಚು ಜನ ಎಡವುವುದು. ಅನ್ವಿ ಎಂಬ ಹೆಸರು ನಿಮ್ಮ ಬೀದಿಯಲ್ಲಿ ಇಲ್ಲದಿರಬಹುದು. ಆದರೆ ಆದ್ವಿ, ಆರ್ವಿ, ಅನ್ವಿತಾ, ಆದ್ವಿಕಾ, ಆದ್ಯ ಇದ್ದಾರೆ. ಹೆಸರು ಬೇರೆ, ದನಿ ಒಂದೇ. ಟೀಚರು ಕರೆದಾಗ ಮೂವರು ತಿರುಗಿ ನೋಡುತ್ತಾರೆ. ಮೂವತ್ತು ವರ್ಷದ ಮೇಲೆ ಕಾಲವನ್ನು ಬಿಟ್ಟುಕೊಡುವುದೂ ಆ ದನಿಯೇ. ಅನ್ವಿ, ಆದ್ಯ, ಆರಾಧ್ಯ ಮೂರೂ ಇಲ್ಲಿಗೆ ಹೋದವು.

ಅರ್ಥ ಪರೀಕ್ಷೆ

ಆ್ಯಪು ಕೊಟ್ಟ ಅರ್ಥವನ್ನು ಹಾಗೇ ನಂಬಬಾರದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಕಿಟ್ಟೆಲ್ ಕೋಶ, ಮೋನಿಯರ್ ವಿಲಿಯಮ್ಸ್ ಸಂಸ್ಕೃತ ಕೋಶ ಈ ಮೂರರಲ್ಲಿ ಒಂದರಲ್ಲಾದರೂ ಪದ ಸಿಗಬೇಕು. ಸಿಗದಿದ್ದರೆ ಅದು ಈಚೆಗೆ ಕಟ್ಟಿದ್ದು ಅಥವಾ ಬೇರೆ ಭಾಷೆಯದು ಎಂದು ತಿಳಿಯಬೇಕು. ಆರವ್ ಎಂದರೆ ಶಾಂತ ಎಂದು ಆ್ಯಪುಗಳು ಬರೆಯುತ್ತವೆ. ಸಂಸ್ಕೃತದಲ್ಲಿ ಆರವ ಎಂದರೆ ಕೂಗು, ಸದ್ದು. ಕಿಯಾರಾ ತಿಳಿಯಾದ, ಬೆಳಗುವ ಎಂಬರ್ಥದ ಇಟಲಿಯ ಹೆಸರು. ಮೈರಾ ಇಂಗ್ಲೆಂಡಿನ ಕವಿ ಫಲ್ಕ್ ಗ್ರೆವಿಲ್ ತನ್ನ ಕವಿತೆಗಾಗಿ ಹುಟ್ಟಿಸಿದ ಹೆಸರು, ಸಂಸ್ಕೃತದ ಬೇರು ಅದಕ್ಕಿಲ್ಲ. ಬೇರೆ ಭಾಷೆಯ ಹೆಸರಿಡುವುದು ತಪ್ಪೇನಲ್ಲ, ಗೊತ್ತಿದ್ದು ಇಟ್ಟರೆ ಸರಿ. ಆದರೆ ನಮ್ಮ ನಾಲ್ಕು ಗುಂಪಿನಲ್ಲಿ ಮೂರರಲ್ಲಿ ಇವು ಇಲ್ಲವೇ ಇಲ್ಲ. ಹಿಂದೆ ಇಲ್ಲದೆ ಈಗ ಒಮ್ಮೆಲೇ ಬಂದ ಹೆಸರಿನ ಮೇಲೆ ಇಸವಿ ಅಚ್ಚಾಗಿರುತ್ತದೆ. ಎರಡನ್ನೂ ತೆಗೆಯಲಾಯಿತು.

ಇಂಚರ ಬಿಡುವಾಗ ಮನಸ್ಸಿಗೆ ನೋವಾಗದಿರದು. ಕನ್ನಡದ್ದೇ ಪದ, ಹಕ್ಕಿಯ ಇನಿದನಿ ಎಂಬ ಅರ್ಥ, ಉಚ್ಚರಿಸಲು ಹಗುರ. ಅರ್ಥದಲ್ಲಿ ಕೊರತೆ ಏನೂ ಇಲ್ಲ. ಆದರೆ ಅದು ಸಿಂಚನ, ಸ್ಪಂದನ, ಚಂದನರ ಓರಗೆಯದು. ಪಟ್ಟಿಯಲ್ಲಿ 18ರಿಂದ 25ರ ಗುಂಪಿನ ಆಚೆಗೆ ಅದರ ಸುಳಿವಿಲ್ಲ. ಈಗ ಹುಟ್ಟಿದ ಮಗುವಿಗೆ ಇಟ್ಟರೆ ಅವಳ ಚಿಕ್ಕಮ್ಮನ ಓರಗೆಯ ಹೆಸರಾಗುತ್ತದೆ. ತುಂಬ ಹಳತೆನಿಸುವುದು ಅಪ್ಪ-ಅಮ್ಮ, ಚಿಕ್ಕಪ್ಪ-ಚಿಕ್ಕಮ್ಮಂದಿರ ತಲೆಮಾರಿನ ಹೆಸರೇ. ಮುತ್ತಜ್ಜಿಯ ಹೆಸರಿಗೆ ಆ ಬಾಧೆ ಇಲ್ಲ, ಏಕೆಂದರೆ ಆ ಹೆಸರಿನ ನಡುವಯಸ್ಸಿನವರು ಸುತ್ತ ಉಳಿದಿರುವುದಿಲ್ಲ.

ಉಳಿದ ಎರಡು: ಶಾಂತಲಾ, ಜಾನಕಿ

ಶಾಂತಲಾ ಗಟ್ಟಿ ಹೆಸರು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ ರಾಣಿಯ ಹೆಸರು, ಕನ್ನಡ ನಾಡಿನದೇ ಗುರುತು. ಅದು ಸೋತದ್ದು ಎರಡು ಕಡೆ. ಒಂದು, 50ರಿಂದ 65ರ ಗುಂಪಿನಲ್ಲಿ ಅದು ಎದ್ದು ಕಾಣುವಷ್ಟಿತ್ತು. ಇನ್ನೊಂದು, ಇಂಗ್ಲಿಷ್ ಕಾಗುಣಿತ. ತಕಾರಕ್ಕೆ ನಾವು ದಕ್ಷಿಣದವರು ಟಿ ಜೊತೆ ಎಚ್ ಸೇರಿಸುತ್ತೇವೆ, ಉತ್ತರದವರು ಅದನ್ನು ಥ ಎಂದು ಓದುತ್ತಾರೆ. ಎಚ್ ಬಿಟ್ಟರೆ ಇಲ್ಲಿಯವರೇ ಟ ಎನ್ನುತ್ತಾರೆ. ಒಂದೇ ಹೆಸರು ಎರಡು ದಾಖಲೆಯಲ್ಲಿ ಎರಡು ಬಗೆಯಾದರೆ ಮುಂದೆ ಅಫಿಡವಿಟ್ಟಿನ ಓಡಾಟ ತಪ್ಪಿದ್ದಲ್ಲ.

ಜಾನಕಿಯಲ್ಲಿ ಆ ತೊಡಕಿಲ್ಲ. ಮಹಾಪ್ರಾಣ ಇಲ್ಲ, ಶ-ಷ-ಸ ಗೊಂದಲ ಇಲ್ಲ, ಲ-ಳ ಇಲ್ಲ, ಮಾತಿನಲ್ಲಿ ಬಿದ್ದುಹೋಗುವ ಹಕಾರ ಇಲ್ಲ. ಹಿತಾ ಎಂದು ಇಟ್ಟ ಹೆಸರು ಮಂಡ್ಯದ ಹಳ್ಳಿಯಲ್ಲಿ ಇತಾ ಆಗುವುದನ್ನು ಕೇಳಿದವರಿಗೆ ಇದರ ಬೆಲೆ ಗೊತ್ತು. ಮನೆಯಲ್ಲಿ ಹೇಗೆ ಮೊಟಕಾಗುತ್ತದೆ ಎಂಬುದನ್ನೂ ನೋಡಬೇಕು, ಇಲ್ಲಿ ಜಾನು ಎಂಬುದು ತಾನಾಗಿ ಬರುತ್ತದೆ. ಆಮೇಲೆ ವಯಸ್ಸಿನ ಪರೀಕ್ಷೆ. ಹೆಸರಿನ ಮುಂದೆ ಪುಟ್ಟಿ, ಅಕ್ಕ, ಮೇಡಂ, ಆಂಟಿ, ಅಜ್ಜಿ ಸೇರಿಸಿ ಗಟ್ಟಿಯಾಗಿ ಕರೆದು ನೋಡುವುದು. ಜಾನಕಕ್ಕ, ಜಾನಕಿ ಮೇಡಂ, ಜಾನಕಜ್ಜಿ ಎಲ್ಲವೂ ಬಾಯಿಗೆ ಹೊಂದಿದವು. ನ್ಯಾಯಾಧೀಶೆಯ ನಾಮಫಲಕದ ಮೇಲೆ, ಬಸ್ಸಿನಲ್ಲಿ ಕೂಗುವಾಗ, ಮದುವೆ ಕಾಗದದಲ್ಲಿ ಹೇಗಿರುತ್ತದೆ ಎಂದು ಕೂಡ ಬರೆದು ನೋಡಿದರು. ಗಾಯಕಿ ಎಸ್. ಜಾನಕಿಯವರಿಂದಾಗಿ ಹೆಸರು ಕನ್ನಡಿಗರ ಕಿವಿಯಿಂದ ಎಂದೂ ದೂರವಾಗಲಿಲ್ಲ, ಆದರೂ ಅವರ ಹೆಸರಿನಿಂದ ಒಂದು ಅಲೆ ಎದ್ದದ್ದು ಪಟ್ಟಿಯಲ್ಲಿ ಕಾಣುವುದಿಲ್ಲ.

ತಕರಾರು ಬಂದದ್ದು ಸಾಗರದ ಅಜ್ಜಿಯಿಂದ. "ಸೀತೆ ಹೆಸರು ಬೇಡ ಮಾರಾಯ್ತಿ, ಕಾಡು ಅಲೆದವಳು." ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಕೆಲಸ ಕೆಡುತ್ತದೆ. ಇಷ್ಟವಿಲ್ಲದ ಹೆಸರನ್ನು ಮನೆಯ ಹಿರಿಯರು ಕರೆಯುವುದೇ ಇಲ್ಲ, ಬೇರೊಂದು ಹೆಸರು ಹಬ್ಬಿಸುತ್ತಾರೆ, ಆಮೇಲೆ ದಾಖಲೆಯ ಹೆಸರು ಕಾಗದದಲ್ಲೇ ಉಳಿಯುತ್ತದೆ. ಮದ್ದೂರಿನ ಅಜ್ಜಿಗೂ ಒಂದು ಕಷ್ಟವಿತ್ತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದೆಂಬ ಕಟ್ಟಿನಲ್ಲಿ ಬೆಳೆದವರು ಅವರು. ಹೆಸರು ಬೇಕು, ಕರೆಯಲು ಆಗದು. ಈ ಕಾರಣಕ್ಕೇ ಹಿಂದೆ ಅಜ್ಜಿಯ ಹೆಸರಿಟ್ಟ ಮಕ್ಕಳಿಗೆ ಮನೆಯಲ್ಲಿ ಪುಟ್ಟಿ, ಅಮ್ಮಣ್ಣಿ, ಚಿನ್ನಿ ಎಂಬ ಕರೆಹೆಸರು ಹುಟ್ಟುತ್ತಿದ್ದವು. ಇಲ್ಲಿಯೂ ಅದೇ ದಾರಿ ಒದಗಿತು. ಮದ್ದೂರಿನ ಅಜ್ಜಿ ಪುಟ್ಟಿ ಎನ್ನುತ್ತಾರೆ. ಸಾಗರದ ಅಜ್ಜಿಗೆ ಮೊಮ್ಮಗಳ ಹೆಸರು ರಾಮಾಯಣದಿಂದ ಬಂದದ್ದಲ್ಲ, ತುಂಬಿದ ಮನೆಯಲ್ಲಿ ಬಾಳಿದ ಮುತ್ತಜ್ಜಿಯಿಂದ ಬಂದದ್ದು ಎಂದು ಬೀಗಿತ್ತಿಯೇ ಕೂತು ಹೇಳಿದ ಮೇಲೆ ಅವರು ಜಾನು ಎಂದು ಕರೆಯಲು ಒಪ್ಪಿದರು. ಇಂಥ ಮಾತನ್ನು ಮಗಳು-ಅಳಿಯ ಹೇಳುವುದಕ್ಕಿಂತ ಬೀಗರ ಕಡೆಯ ಹಿರಿಯರೇ ಹೇಳುವುದು ಲೇಸು.

ದಾಖಲೆಗೆ ಏರಿಸುವಾಗ

ಕಾಗುಣಿತದಲ್ಲೂ ಫ್ಯಾಷನ್ ಇದೆ. ಸಂಖ್ಯಾಶಾಸ್ತ್ರದವರು ಎ ಅಕ್ಷರ ಎರಡು ಮಾಡಿ, ಕೊನೆಗೆ ಎರಡು ಇ ಹಾಕಿ ಎಂದರು. ಹೆಚ್ಚುವರಿ ಅಕ್ಷರಗಳು ಹೆಸರಿಗೆ ಕಾಲದ ಮುದ್ರೆ ಒತ್ತುತ್ತವೆ, ಜೊತೆಗೆ ಪ್ರತಿ ಕಚೇರಿಯಲ್ಲೂ ಅಕ್ಷರ ಬಿಡಿಸಿ ಹೇಳುವ ಕೆಲಸ ಮಗುವಿನ ಪಾಲಿಗೆ ಬರುತ್ತದೆ. ಜೆ, ಎ, ಎನ್, ಎ, ಕೆ, ಐ ಆರೇ ಅಕ್ಷರ ಸಾಕೆಂದು ನಿರ್ಧಾರವಾಯಿತು.

ಎರಡನೇ ಹೆಸರಿನ ವಿಷಯ ಇನ್ನೂ ಮುಖ್ಯ. ಹಳೇ ಮೈಸೂರು ಸೀಮೆಯಲ್ಲಿ ಮನೆತನದ ಹೆಸರಿಲ್ಲದೆ ಇನಿಷಿಯಲ್ ಮಾತ್ರ ಬರೆಯುವ ರೂಢಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಗೊತ್ತಿಲ್ಲ' ಎಂಬರ್ಥದ ಎಫ್‌ಎನ್‌ಯು ಬಂದು ಕೂರುತ್ತದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ದುಬೈ ಮನಸ್ಸಿನಲ್ಲಿದ್ದ ಈ ಮನೆಗೆ ಅದು ನೇರವಾಗಿ ತಟ್ಟುವ ಮಾತು. ಆದ್ದರಿಂದ ಜನನ ಪ್ರಮಾಣಪತ್ರದಲ್ಲೇ ಜಾನಕಿ ಜೊತೆ ತಂದೆಯ ಹೆಸರನ್ನು ಪೂರ್ಣವಾಗಿ ಎರಡನೇ ಪದವಾಗಿ ಬರೆಸಿದರು.

ಕೊನೆಯ ಎಚ್ಚರ ಕನ್ನಡ ಸಾಲಿನದು. ಪ್ರಮಾಣಪತ್ರದಲ್ಲಿ ಹೆಸರು ಎರಡೂ ಲಿಪಿಯಲ್ಲಿ ಬರುತ್ತದೆ. ಇಂಗ್ಲಿಷ್ ನೋಡಿಕೊಂಡು ಕನ್ನಡ ಟೈಪ್ ಮಾಡುವಾಗ ಜಾನಕಿ 'ಜನಕಿ' ಆಗುವುದು ಬಹಳ ಸುಲಭ. ಅರ್ಜಿಯಲ್ಲಿ ಕನ್ನಡ ಹೆಸರನ್ನು ದೊಡ್ಡಕ್ಷರದಲ್ಲಿ ಬಿಡಿಸಿ ಬರೆದು ಕೊಡಬೇಕು, ಅಂತಿಮ ಮುದ್ರಣಕ್ಕೆ ಮೊದಲು ಪರದೆಯ ಮೇಲೆ ತೋರಿಸಿ ಎಂದು ಕೇಳಬೇಕು, ದೀರ್ಘ ಸರಿಯಿದೆಯೇ ನೋಡಬೇಕು. ತಪ್ಪು ಅಚ್ಚಾಗಿ ಬಂದರೆ ಅದೇ ವಾರ ತಿದ್ದುಪಡಿಗೆ ಕೊಡುವುದು ಒಳ್ಳೆಯದು. ಆಧಾರ್, ಪಾಸ್‌ಪೋರ್ಟ್ ಆ ತಪ್ಪಿನ ಮೇಲೇ ಆದಮೇಲೆ ಮೂರು ಕಚೇರಿ ಸುತ್ತಬೇಕಾಗುತ್ತದೆ.

ಈ ಆಯ್ಕೆಯಲ್ಲಿ ಉಳಿದ ಅಪಾಯ ಒಂದಿದೆ. ಮುತ್ತಜ್ಜಿಯರ ಹೆಸರುಗಳತ್ತ ಈಗ ಹಲವರು ತಿರುಗುತ್ತಿದ್ದಾರೆ. ವೈದೇಹಿ, ಮೈಥಿಲಿ, ಜಾನಕಿ ಒಟ್ಟಿಗೇ ಏರಿದರೆ ಸೀತೆಯ ಹೆಸರುಗಳದ್ದೂ ಒಂದು ಅಲೆಯಾಗಬಹುದು. ಹಾಗಾದರೂ ಹಿಂದಿನ ಮೂರು ತಲೆಮಾರಿನಲ್ಲಿ ಇದ್ದ ಹೆಸರಾದ್ದರಿಂದ ಅದಕ್ಕೆ ಒಂದೇ ಇಸವಿ ಅಂಟುವುದಿಲ್ಲ. ತರಗತಿಯಲ್ಲಿ ಇನ್ನೊಬ್ಬ ಜಾನಕಿ ಬಂದರೆ ಎರಡನೇ ಪದ ಇದ್ದೇ ಇದೆ. ಸದ್ಯಕ್ಕೆ ನೆಂಟರಿಷ್ಟರಲ್ಲಿ ಕೆಲವರು "ಹಳೇ ಹೆಸರಾಯ್ತಲ್ಲ" ಎನ್ನುತ್ತಾರೆ. ಈ ಮಾತು ಹೆಸರಿಟ್ಟ ಮೊದಲ ದಿನಗಳಲ್ಲಿ ಬರುವುದು ಸಹಜ. ತೊಟ್ಟಿಲು ಶಾಸ್ತ್ರಕ್ಕೆ ಮೊದಲೇ ಇಬ್ಬರು ಅಜ್ಜಿಯರೂ ಒಪ್ಪಿರುವುದರಿಂದ ತಂದೆ-ತಾಯಿ ಆ ಮಾತಿಗೆ ಹೆದರಿ ಹೆಸರು ಬದಲಿಸಬೇಕಿಲ್ಲ.